ಮೇ ಮಳೆಗೆ ಮೊದಲು ಶಾಲೆಯ ಮಾಡು ಬದಲಾಗಬೇಕು: ದಯವಿಟ್ಟು ಕೈಜೋಡಿಸಿ

ಆತ್ಮೀಯರೇ,

ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ, ಪೀಸೊ ಸರೋವರದ ದಂಡೆಯ ನಮ್ಮ ಶಾಲೆ ನಿಮಗೆ ಹೊಸದಲ್ಲ. ಅಲ್ಲಿನ ಬೆಂಚು, ಕೈಪಂಪು, ಹೆಣ್ಣುಮಕ್ಕಳ ಶೌಚಾಲಯ ಎಲ್ಲವೂ ನಿಮ್ಮಿಂದಲೇ ಆದದ್ದು. ಈ ಸಲ ಅವಸರದಲ್ಲಿ ಬರೆಯುತ್ತಿದ್ದೇವೆ. ಮಾಡು ಹೋಗಿದೆ, ಮೇ ತಿಂಗಳಿಗೆ ಮಳೆ ಹಿಡಿಯುತ್ತದೆ.

ಕಳೆದ ಜುಲೈನಲ್ಲಿ ಒಂದೇ ರಾತ್ರಿಯ ಗಾಳಿಗೆ ಸಮುದ್ರದ ಕಡೆಯ ಶೀಟುಗಳು ಕಿತ್ತುಹೋದವು. ಉಳಿದವು ತುಕ್ಕು ಹಿಡಿದು ಜರಡಿಯಾಗಿವೆ. ಉಪ್ಪುಗಾಳಿಗೆ ಮೊದಲು ಮೊಳೆ ಹೋಗುತ್ತದೆ, ಆಮೇಲೆ ಶೀಟು. ಇದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಲೈಬೀರಿಯಾದ ಈ ಕಡಲತೀರದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ. ಉಡುಪಿಯ ಆಟಿ ತಿಂಗಳ ಮಳೆ ನೋಡಿದವರು, ಅದೇ ಮಳೆ ತಿಂಗಳುಗಟ್ಟಲೆ ಬಿಡದೆ ಸುರಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಆ ಗಾಳಿಯ ಮರುದಿನ ನಾವು ರಾಜಧಾನಿ ಮನ್ರೋವಿಯಾದಿಂದ ಹೋದಾಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಬೇಸಿನ್ನನ್ನು ತಲೆಯ ಮೇಲೆ ಕವುಚಿಕೊಂಡು ಕೂತಿದ್ದಳು. ಬೆಳಿಗ್ಗೆ ಅಮ್ಮ ಹೊಗೆಯಲ್ಲಿ ಒಣಗಿಸಿದ ಮೀನನ್ನು ಅದೇ ಬೇಸಿನ್ನಿನಲ್ಲಿ ಹೊತ್ತು ಮಾರಿ ಬಂದವಳು. ಕತ್ತು ಮುಂದೆ ಚಾಚಿದ್ದಳು, ನೀರು ಬೆನ್ನ ಮೇಲೆ ಬೀಳಲಿ, ನೋಟ್‌ಬುಕ್ಕಿನ ಮೇಲೆ ಬೀಳದಿರಲಿ ಎಂದು. ಆಚೆ ದಡದ ಹಳ್ಳಿಗಳ ಮಕ್ಕಳು ಮರ ಕೊರೆದು ಮಾಡಿದ ದೋಣಿಯಲ್ಲಿ ಬರುತ್ತಾರೆ. ಅಷ್ಟು ಕಷ್ಟಪಟ್ಟು ಬಂದವರನ್ನು ಮಳೆ ಬಂತೆಂದು ವಾಪಸ್ ಕಳಿಸಬೇಕಾಗಿದೆ. ಇದನ್ನು ನಮ್ಮಿಂದ ಸಹಿಸಲಾಗುತ್ತಿಲ್ಲ.

ಇನ್ನೊಂದು ನಷ್ಟವನ್ನೂ ಹೇಳಲೇಬೇಕು. ಮೂಲೆಯ ಟ್ರಂಕಿನಲ್ಲಿದ್ದ, ಇಲ್ಲಿನ ವಾಯ್ ಜನರ ಲಿಪಿಯ ನೋಟ್‌ಬುಕ್ಕುಗಳು ನೆನೆದುಹೋದವು.

ನಮ್ಮಲ್ಲಿ ಹೊಸದಾಗಿ ಸೇರಿದವರಿಗಾಗಿ ಎರಡು ಮಾತು. ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ ಲೈಬೀರಿಯಾದಲ್ಲಿ ಕೌಂಟಿ, ಒಟ್ಟು 15. ನಮ್ಮ ಶಾಲೆ ಇರುವುದು ಸಿಯೆರಾ ಲಿಯೋನ್ ಗಡಿಗೆ ತಾಗಿದ ಗ್ರ್ಯಾಂಡ್ ಕೇಪ್ ಮೌಂಟ್ ಕೌಂಟಿಯಲ್ಲಿ. ಅದರ ಮುಖ್ಯ ಊರು ರಾಬರ್ಟ್ಸ್‌ಪೋರ್ಟ್, ದೇಶದ ಮೊದಲ ಅಧ್ಯಕ್ಷ ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್ ಅವರ ಹೆಸರಿನ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಸರೋವರ, ನಡುವೆ ಕಾಡು ತುಂಬಿದ ಗುಡ್ಡ. ಇಲ್ಲಿನ ವಾಯ್ ಜನರಿಗೆ ಅವರದೇ ಲಿಪಿ ಇದೆ. 1830ರ ದಶಕದಲ್ಲಿ ಮೊಮೊಲು ದುವಾಲು ಬುಕೆಲೆ ಎಂಬವರು ಅದನ್ನು ರೂಪಿಸಿದರು. ಕನಸಿನಲ್ಲಿ ಕಂಡಿತು ಎಂದು ಅವರು ಹೇಳಿದ್ದರಂತೆ. ಒಂದೊಂದು ಅಕ್ಷರ ಒಂದೊಂದು ಪೂರ್ತಿ ಉಚ್ಚಾರ. ಆದರೆ ನಮ್ಮ ಕಾಗುಣಿತದ ಹಾಗೆ 'ಕ'ಗೆ ಗುಡಿಸು ಕೊಟ್ಟರೆ 'ಕಿ' ಆಗುವುದಿಲ್ಲ, ಅದಕ್ಕೆ ಬೇರೆಯದೇ ಅಕ್ಷರ. ಹಾಗಾಗಿ ಇನ್ನೂರಕ್ಕೂ ಜಾಸ್ತಿ ಕಲಿಯಬೇಕು. ಇದನ್ನು ಸ್ಕೂಲಿನಲ್ಲಿ ಕಲಿಸುವ ರೂಢಿ ಇರಲಿಲ್ಲ. ಮನೆಯಲ್ಲಿ ಹಿರಿಯರಿಂದ ಕಲಿತು ಕಾಗದ ಬರೆದರು, ಲೆಕ್ಕ ಬರೆದರು, ಹಾಗೇ ಉಳಿಸಿಕೊಂಡರು.

ಈ ಲಿಪಿಯನ್ನು ಕ್ಲಾಸಿಗೆ ತಂದದ್ದು ನಮ್ಮ ಹೆಮ್ಮೆ. ಮಕ್ಕಳು 'ಓಲ್ಡ್ ಪಾ' ಎಂದು ಕರೆಯುವ ಹಿರಿಯರೊಬ್ಬರು ವಾರಕ್ಕೊಮ್ಮೆ ಬಂದು ಕಲಿಸುತ್ತಾರೆ, ಒಂದು ಪೈಸೆಯನ್ನೂ ಮುಟ್ಟಿಲ್ಲ. ಆ ನೋಟ್‌ಬುಕ್ಕುಗಳು ಅವರವು. ಮಳೆ ಬಿಟ್ಟ ಮಧ್ಯಾಹ್ನ ಹಾಳೆಗಳನ್ನು ಬಿಡಿಸಿ, ಒಂದೊಂದರ ಮೇಲೂ ಕಲ್ಲಿಟ್ಟು ಒಣಗಿಸುತ್ತಾ ಕೂತಿದ್ದರು. ಶಾಯಿ ಹರಡಿ ಅರ್ಧಕ್ಕರ್ಧ ಓದಲಾಗದಂತಾಗಿದೆ. "ನೆನಪಿರುವಷ್ಟು ಮತ್ತೆ ಬರೆಯುತ್ತೇನೆ, ಇಡೋದಕ್ಕೆ ಒಣಗಿದ ಜಾಗ ಕೊಡಿ" ಎಂದರು.

ಈ ಊರು ಏನೇನೋ ಕಂಡಿದೆ. 1989ರಿಂದ 2003ರವರೆಗೆ ಬಿಟ್ಟು ಬಿಟ್ಟು ಅಂತರ್ಯುದ್ಧ. ಅದು ಮುಗಿದ ಮೇಲೆ ಮಾವಿನ ಮರದ ಕೆಳಗೆ ಶುರುವಾದ ಶಾಲೆ ನಮ್ಮದು. ಆಮೇಲೆ 2014ರಲ್ಲಿ ಎಬೋಲಾ, ದೇಶದ ಶಾಲೆಗಳೆಲ್ಲ ಬಾಗಿಲು ಹಾಕಿದವು. ಮತ್ತೆ ತೆರೆದ ದಿನ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ ಇಟ್ಟು ಒಬ್ಬೊಬ್ಬರ ಕೈ ತೊಳೆಸಿ ಒಳಗೆ ಬಿಟ್ಟೆವು. ಅಂಥದ್ದರಲ್ಲೂ ನಿಲ್ಲದ ಶಾಲೆ ಸುಮ್ನೆ ನಾಲ್ಕು ಶೀಟಿಗಾಗಿ ನಿಲ್ಲಬಾರದು, ಅಲ್ವಾ?

ಈಗ ಲೆಕ್ಕ. ಆರು ಕೋಣೆಗೆ ದಪ್ಪ ಶೀಟು, ಹೊಸ ಪಕಾಸು, ರೀಪು, ವಾಷರ್ ಇರುವ ಮೊಳೆ. ಕಳೆದ ಸಲ ತೆಳು ಶೀಟು ಹಾಕಿಸಿದ್ದು ನಮ್ಮದೇ ತಪ್ಪು. ಸಾಮಾನೆಲ್ಲ ಮನ್ರೋವಿಯಾದಿಂದ ಲಾರಿಯಲ್ಲೇ ಹೋಗಬೇಕು. ಎಲ್ಲಾ ಸೇರಿ ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಮನ್ರೋವಿಯಾದಲ್ಲಿರುವ ನಾವು ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಮೂರು ಲಕ್ಷದಷ್ಟು ಹೊಂದಿಸಿದ್ದೇವೆ. ಮರವನ್ನು ಮತ್ತು ಕೂಲಿಯನ್ನು ಊರವರೇ ಕೊಡುತ್ತಾರೆ ಎಂದಿದ್ದಾರೆ, ಹಾಗಾದರೆ ಖರ್ಚು ಇನ್ನೂ ಸ್ವಲ್ಪ ಇಳಿಯಬಹುದು. ಒಬ್ಬರು ಒಂದು ಶೀಟಿನ ಹಣ ಕೊಟ್ಟರೂ ನಮಗೆ ಅದು ದೊಡ್ಡದೇ.

ಏಪ್ರಿಲ್ ಹತ್ತರೊಳಗೆ ಹಣ ಕೈಸೇರಿದರೆ ತಿಂಗಳ ಕೊನೆಗೆ ಮಾಡು ಏರುತ್ತದೆ. ಹಿಂದೆ ಕಳಿಸಿದ ಖಾತೆಗೇ ಕಳಿಸಿ, ಖಜಾಂಚಿಯವರಿಗೆ ಒಂದು ಮಾತು ತಿಳಿಸಿ, ರಸೀದಿ ಬರುತ್ತದೆ. ಓಲ್ಡ್ ಪಾ ಅವರಿಗೆ ದಪ್ಪ ರಟ್ಟಿನ ಹನ್ನೆರಡು ನೋಟ್‌ಬುಕ್ ಮತ್ತು ನೀರು ಇಳಿಯದ ಪೆಟ್ಟಿಗೆಯನ್ನು ಯಾರಾದರೂ ಕೊಡಿಸುವುದಾದರೆ ಅದನ್ನೂ ಬೇರೆಯಾಗಿ ಬರೆದು ತಿಳಿಸಿ.

ನಿಮ್ಮ ವಿಶ್ವಾಸಿಗಳು,
ಶಾಲಾ ಟ್ರಸ್ಟಿಗಳು