ಹಳೆಯ ಗೋಬರ್ ಗ್ಯಾಸ್ ಗುಂಡಿ ಮುಚ್ಚಬೇಡಿ

ಮಾನ್ಯರೇ,

ಗದಗ, ರೋಣ, ನರಗುಂದ ಭಾಗದ ಹಳ್ಳಿಗಳಲ್ಲಿ ದನ ಮಾರಿದವರು ಗೋಬರ್ ಗ್ಯಾಸ್ ಬಿಟ್ಟರೆ ಅದು ಸಹಜ. ಆದರೆ ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇದ್ದವರೂ 'ಗ್ಯಾಸ್ ಬರ್ತಿಲ್ಲ' ಎಂದು ಗುಂಡಿಗೆ ಕಸ ತುಂಬಿ ಮುಚ್ಚುವುದನ್ನು ಕಂಡರೆ ಸಂಕಟವಾಗುತ್ತದೆ. ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಗುಂಡಿಗೆ ದಿನವೂ 50 ಕೆಜಿ ಹೆಂಡಿ (ಸಗಣಿ), ಅಷ್ಟೇ ನೀರು ಸಾಕು. 1 ಘನ ಮೀಟರ್ ಅನಿಲ ಸುಮಾರು 400 ಗ್ರಾಂ ಎಲ್‌ಪಿಜಿಗೆ ಸಮ. ಅರ್ಧದಷ್ಟೇ, ಅಂದರೆ ದಿನಕ್ಕೆ 1 ಘನ ಮೀಟರ್ ಹುಟ್ಟಿದರೂ ತಿಂಗಳಿಗೆ 12 ಕೆಜಿ ಎಲ್‌ಪಿಜಿಯಷ್ಟು ಆಯಿತು. ಹೊರದೇಶದಿಂದ ಹಡಗಿನಲ್ಲಿ ಬರುವ ಎಲ್‌ಪಿಜಿ ಒಂದು ದಿನ ಮುಗಿಯುವಂಥದ್ದು. ದನ ಇರುವ ತನಕ ಹೆಂಡಿಗೆ ಕೊರತೆಯಿಲ್ಲ.

ಗುಂಡಿ ಕೆಟ್ಟಿದೆ ಎನ್ನುವ ಮೊದಲು ಪೈಪ್ ನೋಡಿ. ಅನಿಲದ ಜೊತೆ ಬರುವ ಆವಿ ತಣ್ಣಗಾಗಿ ನೀರಾಗಿ, ಪೈಪ್ ತಗ್ಗಿದ ಕಡೆ ನಿಲ್ಲುತ್ತದೆ. ಒಲೆಯ ಉರಿ ಕುಣಿದು ಆರುತ್ತಿದ್ದರೆ ಬಹುತೇಕ ಇದೇ ಕಾರಣ. ಅತಿ ತಗ್ಗಿನ ಜಾಗದಲ್ಲಿ ಒಂದು ನಲ್ಲಿ ಕೂರಿಸಿ, ವಾರಕ್ಕೊಮ್ಮೆ ನೀರು ಬಿಡಿ. ಜೋಡಣೆಗಳಿಗೆ ಸಾಬೂನು ನೀರು ಸವರಿ. ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ರೂಢಿ ಬಿಡಲೇಬೇಕು. ಎಲ್‌ಪಿಜಿ ಒಲೆಯ ಜೆಟ್ (ಅನಿಲ ಹೊರಬರುವ ತೂತು) ಸಣ್ಣದು, ಗೋಬರ್ ಗ್ಯಾಸಿಗೆ ಅದರದೇ ಬರ್ನರ್ ಬೇಕು.

ಎರಡನೆಯ ಕಾರಣ ಗುಂಡಿಯೊಳಗಿನ ಕೆನೆ. ಹೆಂಡಿ ಜೊತೆ ಕಣಕಿ ಚೂರು, ಹೊಟ್ಟು ಹೋದರೆ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ, ಅನಿಲ ಅದರಡಿ ಸಿಕ್ಕಿಕೊಳ್ಳುತ್ತದೆ. ಕಲಸುವಾಗಲೇ ಕೈಯಿಂದ ಆರಿಸಿ ತೆಗೆಯಬೇಕು. ಫಿನೈಲ್ ಹಾಕಿ ತೊಳೆದ ಕೊಟ್ಟಿಗೆಯ ನೀರು ಒಳಗೆ ಹೋದರೆ ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಚಳಿಗಾಲದಲ್ಲಿ ಅನಿಲ ಇಳಿಯುವುದು ಸಹಜ. ಬಿಸಿಲಿಗಿಟ್ಟ ನೀರಿನಲ್ಲಿ ಕಲಸಿದರೆ ಸ್ವಲ್ಪ ಅನುಕೂಲ.

ನಮ್ಮ ಭಾಗದ ನಿಜವಾದ ತೊಂದರೆ ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲ ಗುಂಡಿಯ ಮೇಲೆ ಅನಿಲ ಹಿಡಿದಿಡುವ ಗುಮ್ಮಟವನ್ನು ಹಿಂಡುತ್ತದೆ. ತೆಗೆದ ಎರೆಯನ್ನೇ ಗೋಡೆ ಸುತ್ತ ತುಂಬಿದ ಕಡೆ ಬಿರುಕು ಬೇಗ. ಮರಳು, ಗರಸು ತುಂಬಿ ಪದರ ಪದರವಾಗಿ ನೀರು ಹಾಕಿ ಧಮ್ಮಸು ಮಾಡಬೇಕು. ಕೂದಲೆಳೆಯಷ್ಟು ಬಿರುಕಾದರೆ ಗುಂಡಿ ಖಾಲಿ ಮಾಡಿ, ಬಿರುಕನ್ನು ವಿ ಆಕಾರದಲ್ಲಿ ಕೊರೆದು ಸಿಮೆಂಟ್ ತುಂಬಿ, ಒಳಮೈಗೆ ಗಾಳಿ ಬಿಡದ ಬಣ್ಣ ಬಳಿದರೆ ಮತ್ತೆ ನಡೆಯುತ್ತದೆ. ಆದರೆ ಮನೆಯವರು ಯಾವ ಕಾರಣಕ್ಕೂ ಒಳಗೆ ಇಳಿಯಬಾರದು. ಖಾಲಿ ಕಂಡ ಗುಂಡಿಯಲ್ಲೂ ಉಸಿರು ಕಟ್ಟಿಸುವ ಅನಿಲ ಇರುತ್ತದೆ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಉಳಿಯುವುದಿಲ್ಲ.

ಹೊಸ ಘಟಕದ ಸಹಾಯಧನದ ಮಾತು ಬಂದಾಗ ಹಳೆಯ ಗುಂಡಿಗಳ ಲೆಕ್ಕವೂ ಆಗಲಿ. ಪ್ರತಿ ಗ್ರಾಮ ಪಂಚಾಯಿತಿಯೂ ನಿಂತ ಗುಂಡಿಗಳ ಪಟ್ಟಿ ಮಾಡಲಿ. ದುರಸ್ತಿಗೆ ಹಣ ಕೊಟ್ಟು, ಹೋಬಳಿಗೊಬ್ಬ ತರಬೇತಿ ಪಡೆದ ಗೌಂಡಿಯನ್ನು ನೇಮಿಸಲಿ.

– ಗೋಬರ್ ಗ್ಯಾಸ್ ಕಟ್ಟುವ ಗೌಂಡಿಗಳು, ಗದಗ