ಹೋರಾಟಗಾರರ ಮನೆಯ ಜೊತೆಗೆ ಕೊಳಗವೂ ಉಳಿಯಲಿ

ಮಾನ್ಯ ಸಂಪಾದಕರೇ,

ಜಿಲ್ಲೆಯ ಸ್ವಾತಂತ್ರ್ಯ ಹೋರಾಟಗಾರರ ಮತ್ತು ರೈತ ನಾಯಕರ ಮನೆಗಳನ್ನು ಸ್ಮಾರಕಗಳನ್ನಾಗಿ ಮಾಡಬೇಕೆಂದು ಕೋರುವ ಪತ್ರಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತಿವೆ. ಆ ಕೋರಿಕೆಗೆ ನನ್ನ ಸಹಮತವಿದೆ. ಆದರೆ ಸ್ಮಾರಕ ಹೇಗಿರಬೇಕು ಎಂಬ ಬಗ್ಗೆ ನನಗಿದ್ದ ಕಲ್ಪನೆ ಈಚೆಗೆ ಚೀನಾದ ಒಂದು ಹಳ್ಳಿಯನ್ನು ನೋಡಿ ಬಂದ ಮೇಲೆ ಬದಲಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಗಳು, ಅಳಿಯ ಉದ್ಯೋಗದ ನಿಮಿತ್ತ ದಕ್ಷಿಣ ಚೀನಾದ ಶೆನ್‌ಝೆನ್ ನಗರದಲ್ಲಿದ್ದಾರೆ. ಅವರಲ್ಲಿಗೆ ಹೋಗಿದ್ದಾಗ, 2024ರಲ್ಲಿ ಸಂಚಾರಕ್ಕೆ ತೆರೆದ, ಸೇತುವೆಯೂ ಸಮುದ್ರದಡಿಯ ಸುರಂಗವೂ ಸೇರಿರುವ ಸುಮಾರು 24 ಕಿ.ಮೀ. ಉದ್ದದ ಹಾದಿಯಲ್ಲಿ ಪರ್ಲ್ ನದಿಯ ಅಳಿವೆ ದಾಟಿ ಸುಯ್‌ಹೆಂಗ್ ಎಂಬ ಹಳ್ಳಿಗೆ ಹೋದೆವು. ಅರಸೊತ್ತಿಗೆಯ ವಿರುದ್ಧ ಕ್ರಾಂತಿ ನಡೆದು ಚೀನಾ ಗಣರಾಜ್ಯ ಹುಟ್ಟಿದಾಗ, 1912ರ ಜನವರಿ 1ರಂದು ಅದರ ಹಂಗಾಮಿ ಅಧ್ಯಕ್ಷರಾದ ಸನ್ ಯಾತ್ ಸೆನ್ 1866ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. 1925ರಲ್ಲಿ ಅವರು ತೀರಿಕೊಂಡ ಬಳಿಕ ಇಡೀ ಸೀಮೆಗೇ, ಚೀನೀಯರು ಅವರನ್ನು ಕರೆಯುವ ಝೋಂಗ್‌ಶಾನ್ ಎಂಬ ಹೆಸರನ್ನು ಇಟ್ಟರು.

ಅವರು ಹುಟ್ಟಿದ ಬಡ ಮನೆ ಈಗಿಲ್ಲ. ಈಗ ಕಾಣುವುದು 1892ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಕೂಲಿಯಾಗಿ ಹವಾಯಿ ದ್ವೀಪಕ್ಕೆ ಹೋಗಿ ಅಲ್ಲಿ ಶ್ರೀಮಂತನಾದ ಅಣ್ಣ ಹಣ ಕೊಟ್ಟರು. ಆಗಷ್ಟೇ ಹಾಂಗ್‌ಕಾಂಗಿನಲ್ಲಿ ವೈದ್ಯಕೀಯ ಓದು ಮುಗಿಸಿದ್ದ ಸನ್ ಅವರೇ ನಕ್ಷೆ ಹಾಕಿದರು. ಮುಂಭಾಗದಲ್ಲಿ ಕೆಳಗೂ ಮೇಲೂ ಏಳೇಳು ಕಮಾನುಗಳು, ಒಳಗೆ ಪಕ್ಕಾ ಚೀನೀ ನಡುಮನೆ. ಊರಿನ ಉಳಿದ ಮನೆಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಇದೊಂದು ಮಾತ್ರ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ವಾಸ್ತು ನೋಡಿ ಹೊಸಿಲು ಇಡುವ ನಮ್ಮ ಕಡೆಯವರಿಗೆ, ಇಪ್ಪತ್ತಾರರ ಯುವಕ ಊರಿಗೆ ಬೆನ್ನು ಹಾಕಿ ಮನೆ ಕಟ್ಟಿಸಿದ್ದೆಂದರೆ ಎಂಥ ಹಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಡಳಿತದ ಸುಧಾರಣೆಗಾಗಿ 1894ರಲ್ಲಿ ಹಿರಿಯ ಅಧಿಕಾರಿ ಲಿ ಹಾಂಗ್‌ಝಾಂಗ್‌ಗೆ ಅವರು ಬರೆದ ದೀರ್ಘ ಮನವಿ ಸಿದ್ಧವಾದದ್ದು ಈ ಊರಿನಲ್ಲೇ. ಮನವಿಗೆ ಬೆಲೆ ಸಿಗಲಿಲ್ಲ. ಅದೇ ವರ್ಷದ ಕೊನೆಗೆ ಅವರು ಹೊನೊಲುಲುವಿನಲ್ಲಿ ಕ್ರಾಂತಿಯ ಸಂಘಟನೆ ಆರಂಭಿಸಿದರು.

ಅಂಗಳದಲ್ಲಿ ಒಂದು ಹುಣಸೆ ಮರವಿದೆ. 1883ರಲ್ಲಿ ಹವಾಯಿಯಿಂದ ಮರಳುವಾಗ ಹುಡುಗ ಸನ್ ತಂದು ನೆಟ್ಟದ್ದಂತೆ. ಬಿರುಗಾಳಿಗೆ ಉರುಳಿಬಿದ್ದ ಮರ ಸಾಯದೆ, ಮಲಗಿದಲ್ಲಿಂದಲೇ ಚಿಗುರಿ ಬೆಳೆದಿದೆ. ಅದನ್ನು ಕಡಿದು ನೆಲ ಸಮ ಮಾಡಿ ಟೈಲ್ಸ್ ಹಾಕಬೇಕೆಂದು ಯಾರಿಗೂ ಅನ್ನಿಸಿಲ್ಲ. ಹುಣಸೆ ನಮಗೆ ಬಯಲುಸೀಮೆಯಿಂದ ಬರುವ ಸರಕು, ನಾವು ವಾಟೆಹುಳಿ, ಉಪ್ಪಾಗೆಯ ಜನ. ಆದರೂ ಅಷ್ಟು ದೂರದಲ್ಲಿ ಆ ಎಲೆಯನ್ನು ಕಂಡಾಗ ನನ್ನ ಪತ್ನಿ ಒಂದು ಚಿಗುರು ಕಿತ್ತು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದಳು, ಮಗಳು ತಡೆದಳು.

ದೊಡ್ಡ ದೊಡ್ಡ ಚಿತ್ರಗಳಿರುವ ಪ್ರದರ್ಶನ ಮಂದಿರವೂ ಅಲ್ಲಿದೆ. ಸರ್ಕಾರ ಹೇಳಬೇಕೆಂದಿರುವುದನ್ನು ಅದು ಹೇಳುತ್ತದೆ, ಬೇಗ ನೋಡಿ ಹೊರಬಂದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸುತ್ತಲಿನ ಊರು. 1956ರಲ್ಲಿ ಆರಂಭವಾದ ಈ ವಸ್ತುಸಂಗ್ರಹಾಲಯ ನಾಯಕರ ಮನೆಯೊಂದಕ್ಕೇ ಬೇಲಿ ಹಾಕಿಕೊಂಡಿಲ್ಲ. ನೆರೆಹೊರೆಯ ಉಳ್ಳವರ ಮನೆ, ಇಲ್ಲದವರ ಮನೆ, ಹಳೆಯ ಬಾವಿ, ಬೇಸಾಯದ ಸಲಕರಣೆ, ಗದ್ದೆ ಎಲ್ಲವನ್ನೂ ಅದು ಒಳಗೆ ತೆಗೆದುಕೊಂಡಿದೆ. ಸನ್ ಅವರ ತಂದೆ ಒಂದು ಕಾಲಕ್ಕೆ ಊರಿನ ರಾತ್ರಿ ಕಾವಲುಗಾರರಾಗಿದ್ದವರು. ಆ ಓಣಿಗಳಲ್ಲಿ ಓಡಾಡಿದ ಮೇಲೆ, ಅಂಥವರ ಮಗ ಯಾವುದರ ವಿರುದ್ಧ ಎದ್ದು ನಿಂತ ಎಂಬುದಕ್ಕೆ ಬೇರೆ ಫಲಕ ಬೇಕಾಗುವುದಿಲ್ಲ.

ನಮ್ಮಲ್ಲಿ ಇಂಥದ್ದು ಇಲ್ಲವೆಂದಲ್ಲ. ಕುಪ್ಪಳಿಯ ಕವಿಮನೆಗೆ ಹೋದವರು ಕುವೆಂಪು ಅವರನ್ನು ಮಾತ್ರ ನೋಡಿ ಬರುವುದಿಲ್ಲ; ಮಲೆನಾಡಿನ ದೊಡ್ಡ ಮನೆಯೊಂದರ ಬಾಳುವೆಯನ್ನೇ ನೋಡಿ ಬರುತ್ತಾರೆ. ಆದರೆ ಹೋರಾಟಗಾರರ ವಿಷಯಕ್ಕೆ ಬಂದಾಗ ಈ ಎಚ್ಚರ ನಮ್ಮಲ್ಲಿ ಉಳಿಯುವುದಿಲ್ಲ. ನಮ್ಮ ನೆರೆಯ ಊರೊಂದರಲ್ಲಿ ಹೋರಾಟಗಾರರೊಬ್ಬರ ಹೆಂಚಿನ ಮನೆಯನ್ನು ಕೆಡವಿ, ಅವರದೇ ಹೆಸರಿನಲ್ಲಿ ಸಮುದಾಯ ಭವನ ಕಟ್ಟಿದರು. ಈಗ ಅಲ್ಲಿ ಮದುವೆಗಳು ನಡೆಯುತ್ತವೆ. ಊಟದ ಹಾಲಿನ ಗೋಡೆಯ ಮೇಲೆ ಅವರ ಭಾವಚಿತ್ರವಿದೆ. ಅದರ ಕೆಳಗೆ ಕುಳಿತು ನಾನೂ ಪಾಯಸ ಉಂಡಿದ್ದೇನೆ.

ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಭೂಒಡೆಯರ ವಿರುದ್ಧ ಗೇಣಿದಾರರು ನಡೆಸಿದ 1951ರ ಸತ್ಯಾಗ್ರಹವನ್ನೇ ನೋಡಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಶಾಂತವೇರಿ ಗೋಪಾಲಗೌಡರು ಮತ್ತು ಎಚ್. ಗಣಪತಿಯಪ್ಪನವರು ದುಡಿದದ್ದು ಪ್ರತಿ ಸಭೆಯಲ್ಲೂ ನೆನಪಾಗುತ್ತದೆ. ಆದರೆ ಜಗಳ ಹೊತ್ತಿಕೊಂಡದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ ಎಂಬುದು ಇಂದಿನ ಕಾಲೇಜು ಹುಡುಗರಿಗೆ ಗೊತ್ತಿಲ್ಲ, ಏಕೆಂದರೆ ಅವರು ಕೊಳಗವನ್ನೇ ನೋಡಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಎರಡು ಕೊಳಗಗಳಿವೆ. ನಮ್ಮಜ್ಜ ಗೇಣಿ ಪಡೆಯುತ್ತಿದ್ದ ಕಡೆಯವರು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೋಡುವುದಕ್ಕೆ ಎರಡೂ ಒಂದೇ. ಆದರೆ ಒಂದರ ತುಂಬ ಭತ್ತ ಅಳೆದು ಇನ್ನೊಂದಕ್ಕೆ ಸುರಿದರೆ ಮೇಲೆ ಎರಡು ಬೊಗಸೆಯಷ್ಟು ಜಾಗ ಉಳಿಯುತ್ತದೆ. ದೊಡ್ಡದು ಗೇಣಿ ತರುವುದಕ್ಕೆ, ಸಣ್ಣದು ಸಾಲ ಕೊಡುವುದಕ್ಕೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟೆ. ಸ್ಮಾರಕಕ್ಕೆಂದು ಹಣ ಮಂಜೂರಾದರೆ ಹೊಸ ಕಾಂಕ್ರೀಟ್ ಕಟ್ಟಡವನ್ನೂ ಪ್ರತಿಮೆಯನ್ನೂ ಬದಿಗಿಟ್ಟು, ಕಾಗೋಡು ಭಾಗದಲ್ಲಿ ಇನ್ನೂ ನಿಂತಿರುವ ಭೂಒಡೆಯರ ಮನೆಯೊಂದನ್ನು ಜಗುಲಿ, ಭತ್ತ ತುಂಬಿಡುವ ಪಣತ, ಕಣಗಳ ಸಮೇತ ಕೊಂಡುಕೊಳ್ಳಲಿ; ಪಕ್ಕದಲ್ಲೇ ಗೇಣಿದಾರನ ಸೋಗೆ ಮನೆಯೊಂದನ್ನು, ಕಟ್ಟಲು ಬಲ್ಲವರು ಇರುವಾಗಲೇ ಕಟ್ಟಿಸಲಿ. ಸತ್ಯಾಗ್ರಹದ ವೇಳೆ ಹದಿನೈದು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅವರ ಮಾತುಗಳ ಧ್ವನಿಮುದ್ರಣಕ್ಕೆ ಮುಂದಿನ ಬಜೆಟ್ಟಿನವರೆಗೆ ಕಾಯುವಂತಿಲ್ಲ.

ಅಂಥ ಮನೆ ಸಿದ್ಧವಾದರೆ ಎರಡೂ ಕೊಳಗಗಳನ್ನು ತಂದೊಪ್ಪಿಸಲು ನಾನು ಸಿದ್ಧ. ನಮ್ಮ ಅಣ್ಣನವರಿಗೆ ಇದು ಅಷ್ಟು ಇಷ್ಟವಿಲ್ಲ, ಅವರನ್ನು ಒಪ್ಪಿಸುತ್ತೇನೆ.

— ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು