ಹೃದಯದ ತೇಪೆ ಆಮೇಲೆ, ಮೊದಲು ಎದೆ ಮೇಲಿನ ಸ್ಟಿಕ್ಕರ್ ಸರಿ ಮಾಡಿ

ಮಾನ್ಯರೇ,

ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಹೃದಯಕ್ಕೆ ತೇಪೆ, ತುಂಡಾದ ನರ ಜೋಡಿಸುವುದು, ಇಂಥ ದೊಡ್ಡ ಸುದ್ದಿಗಳೇ. ಸುಳ್ಳೇನಲ್ಲ. 2019ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯ ಮತ್ತು ಟೆಕ್ಸಾಸ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನವರು ಕುರಿಗಳ ಹೃದಯಕ್ಕೆ ಈ ಕೊಳವೆಗಳಿಂದ ಮಾಡಿದ ನೂಲಿನಲ್ಲಿ ಹೊಲಿಗೆ ಹಾಕಿ, ಗಾಯವಾದ ಜಾಗವನ್ನು ವಿದ್ಯುತ್ ಸಂಕೇತ ಮತ್ತೆ ದಾಟುವಂತೆ ಮಾಡಿದರು. ದೊಡ್ಡ ಕೆಲಸವೇ. ಆದರೆ ನಮ್ಮ ಕೊಡಗಿಗೆ ಬೇಗ ಬೇಕಾಗಿರುವುದು ಇದೇ ವಸ್ತುವಿನ ಇನ್ನೊಂದು ಉಪಯೋಗ. ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುತ್ತಾರಲ್ಲ, ಆ ಸ್ಟಿಕ್ಕರ್, ಅಂದರೆ ಎಲೆಕ್ಟ್ರೋಡ್.

ಎದೆಬಡಿತ ತಪ್ಪುತ್ತೆ ಅಂತ ನಮ್ಮ ಮಾವನಿಗೆ ಮೈಸೂರಿನಲ್ಲಿ ಇಪ್ಪತ್ತನಾಲ್ಕು ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿ ಕಳಿಸಿದ್ದರು. ಕಕ್ಕಡ ತಿಂಗಳು (ಜುಲೈ-ಆಗಸ್ಟ್), ಶಾಂತಳ್ಳಿಯ ಮಳೆ ಗೊತ್ತಲ್ವಾ. ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಅಂಗಿ ಒದ್ದೆ, ರಾತ್ರಿ ಹೊತ್ತಿಗೆ ಎರಡು ಸ್ಟಿಕ್ಕರ್ ಅಂಚು ಬಿಟ್ಟು ಸುರುಳಿ ಸುತ್ತಿಕೊಂಡಿದ್ದವು. ನಾವು ಗಾಯಕ್ಕೆ ಹಾಕುವ ಪ್ಲಾಸ್ಟರ್ ತಂದು ಒತ್ತಿ ಅಂಟಿಸಿದೆವು. ರಿಪೋರ್ಟ್ ನೋಡಿದರೆ ರಾತ್ರಿಯ ಗೆರೆ ಪೂರ್ತಿ ಗೀಚಿದ ಹಾಗಿತ್ತು, ಏನೂ ಓದಲು ಬರುವಂತಿರಲಿಲ್ಲ. ಮತ್ತೆ ಮೈಸೂರು, ಮತ್ತೆ ಹೋಲ್ಟರ್. ಡಾಕ್ಟರದ್ದಾಗಲಿ ನರ್ಸಮ್ಮನದ್ದಾಗಲಿ ತಪ್ಪಿಲ್ಲ, ಆ ಸ್ಟಿಕ್ಕರ್ ಇರುವುದೇ ಹಾಗೆ.

ನಮ್ಮ ಚರ್ಮದ ಮೇಲ್ಪದರ ಒಣಗಿರುತ್ತೆ, ವಿದ್ಯುತ್ ಸಲೀಸಾಗಿ ದಾಟಲ್ಲ. ಅದಕ್ಕೇ ಸ್ಟಿಕ್ಕರ್ ನಡುವೆ ಉಪ್ಪಿನಂಶದ ಜೆಲ್ ಇಡುತ್ತಾರೆ. ಜೆಲ್ ಒಣಗಿದರೂ ಕಷ್ಟ, ನೀರು ತಾಗಿ ಅಂಟು ಬಿಟ್ಟರೂ ಕಷ್ಟ. ನ್ಯಾನೋಟ್ಯೂಬ್ ಬೆರೆಸಿದ ಸಿಲಿಕೋನ್ ರಬ್ಬರಿಗೆ ಜೆಲ್ಲೇ ಬೇಡ. ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗಿನ ಕೊಳವೆಗಳು, ಮರಗಸಿ ಮಾಡಿದಾಗ, ಅಂದರೆ ನೆರಳು ಮರಗಳ ಕೊಂಬೆ ಸವರಿದಾಗ, ತೋಟದಲ್ಲಿ ಬೀಳುವ ಉದ್ದುದ್ದ ಕಡ್ಡಿಗಳ ಹಾಗೆ, ರಬ್ಬರಿನೊಳಗೆ ಒಂದಕ್ಕೊಂದು ತಾಗಿಕೊಂಡು ಬಿದ್ದಿರುತ್ತವೆ, ಹಾಗಾಗಿ ಸ್ವಲ್ಪ ಬೆರೆಸಿದರೂ ಈ ತುದಿಯಿಂದ ಆ ತುದಿಗೆ ವಿದ್ಯುತ್ತಿಗೆ ದಾರಿಯಾಗುತ್ತೆ, ರಬ್ಬರ್ ಮಾತ್ರ ಮೆತ್ತಗೇ ಉಳಿಯುತ್ತೆ. 2012ರಲ್ಲೇ ಕೊರಿಯಾದ ಸಂಶೋಧಕರು ಇಂಥ ಎಲೆಕ್ಟ್ರೋಡನ್ನು ಏಳು ದಿನ ಮೈಮೇಲೆ ಹಾಕಿಸಿ ನೋಡಿದ್ದಾರೆ, ಸಂಕೇತ ಕೆಟ್ಟಿರಲಿಲ್ಲ.

ಮೈಯ ಒಳಗೆ ಬಳಸುವ ಮುಂಚೆ ಹೊರಗೆ ಬಳಸಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಉದ್ದವಾದ ಗಡಸು ನ್ಯಾನೋಟ್ಯೂಬ್ ಇಲಿಗಳ ಹೊಟ್ಟೆಯೊಳಗೆ ಕಲ್ನಾರಿನ (ಆಸ್ಬೆಸ್ಟಾಸ್) ಥರದ್ದೇ ಉರಿಯೂತ ಮಾಡಿತ್ತು, 2008ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಇದನ್ನು ತೋರಿಸಿದರು. ಎಲ್ಲ ಕೊಳವೆಗಳೂ ಹಾಗಲ್ಲ, ಉದ್ದ ಗಿಡ್ಡದ ಮೇಲೆ ತುಂಬಾ ವ್ಯತ್ಯಾಸ. ಆದರೂ ಹೃದಯದ ಒಳಗಿಟ್ಟದ್ದು ಹತ್ತು ವರ್ಷದ ಮೇಲೆ ಪುಡಿಯಾದರೆ ಏನು ಗತಿ ಅಂತ ಕೇಳಲೇಬೇಕು. ಎದೆ ಮೇಲಿನ ರಬ್ಬರ್ ತುಂಡನ್ನಾದರೆ, ಸವೆದ ಕೂಡಲೇ ಕಿತ್ತು ತೆಗೆಯಬಹುದು. ನ್ಯಾನೋಟ್ಯೂಬ್ ಪುಡಿಯನ್ನು ರಬ್ಬರಿಗೆ ಬೆರೆಸುವ ಕೆಲಸಗಾರರ ಉಸಿರಿಗೆ ಅದು ಹೋಗದಂತೆ ನೋಡಿಕೊಳ್ಳುವುದು ಬೇರೆ ವಿಷಯ, ಅದರಲ್ಲೂ ಸಡಿಲ ಬಿಡಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ನ್ಯಾನೋ ವಿಜ್ಞಾನಕ್ಕೇ ಒಂದು ಕೇಂದ್ರವಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಂಥವರು ಈ ಕೊಳವೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇವರೆಲ್ಲ ಕೂಡಿ ಒಂದು ಮಳೆಗಾಲ ಇಲ್ಲಿ ಪರೀಕ್ಷೆ ಮಾಡಲಿ. ಏಸಿ ರೂಮಿನಲ್ಲಿ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ, ಲೈನ್ ಮನೆಯಲ್ಲಿರುವ ತೋಟದ ಕೆಲಸಗಾರರ ಮೇಲೆ, ಕಂಬಳಿ ಹೊದ್ದು ಕೂರುವ ನಮ್ಮ ಹಿರಿಯರ ಮೇಲೆ, ಅವರ ಒಪ್ಪಿಗೆ ಕೇಳಿ. ಚರ್ಮ ಕೆಂಪಾಗುತ್ತಾ, ಕೆರೆತ ಬರುತ್ತಾ, ತೊಳೆದು ಎಷ್ಟು ಸಲ ಬಳಸಬಹುದು, ಒಂದಕ್ಕೆ ಎಷ್ಟು ಬೀಳುತ್ತೆ, ಇದನ್ನೆಲ್ಲ ಕನ್ನಡದಲ್ಲೇ ಬರೆದು ತಿಳಿಸಲಿ. ನಿಮ್ಮ ವರದಿಗಾರರು ಮುಂದಿನ ಸಲ ಈ ಸಂಸ್ಥೆಗಳಿಗೆ ಹೋದಾಗ ಈ ಪ್ರಶ್ನೆಗಳನ್ನು ಕೇಳಿ ಉತ್ತರ ಛಾಪಿಸಬೇಕು ಅಂತ ಕೋರುತ್ತೇನೆ.

– ಕಾಫಿ ಬೆಳೆಗಾರ, ಶಾಂತಳ್ಳಿ, ಸೋಮವಾರಪೇಟೆ ತಾಲ್ಲೂಕು